ಹೊಳೆಬಾಗಿಲಿನ ಲಾಂಚ್ ದಾರಿ: ಸಿಗಂದೂರು, ತುಮರಿ ಕಡೆ ಹೊರಟವರಿಗೆ

ಸಾಗರದಿಂದ ಆವಿನಹಳ್ಳಿ ಮಾರ್ಗವಾಗಿ ಸಿಗಂದೂರಿಗೆ ಹೊರಟವರು ಈಗ ಶರಾವತಿಯ ಹಿನ್ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತಾರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ 2.44 ಕಿ.ಮೀ. ಉದ್ದದ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಇದೇ ನೀರನ್ನು ಲಾಂಚ್‌ನಲ್ಲಿ ದಾಟಿದ್ದ ನಾನು ಈಚೆಗೆ ಸೇತುವೆಯ ಮೇಲೆ ಹೋಗಿಬಂದೆ. ಅನುಕೂಲದ ಬಗ್ಗೆ ಎರಡು ಮಾತಿಲ್ಲ. ಆದರೆ ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕಷ್ಟೇ ಹೋಗಿ ಹಿಂತಿರುಗದೆ ಈ ಸೀಮೆಯನ್ನೂ ಅರಿಯಬೇಕೆನ್ನುವವರು ಸೇತುವೆ ಏರುವ ಮುನ್ನ ಹೊಳೆಬಾಗಿಲಿನ ಹಳೆಯ ಲಾಂಚ್ ಕಟ್ಟೆಯ ಬಳಿ ವಾಹನ ನಿಲ್ಲಿಸಿ ಒಂದರ್ಧ ಗಂಟೆ ಕಳೆಯುವುದು ಒಳ್ಳೆಯದು.

ಸಿಗಂದೂರು, ತುಮರಿ ಊರುಗಳಿರುವ ಕರೂರು, ಭಾರಂಗಿ ಹೋಬಳಿಗಳ ಈ ಸೀಮೆ ಹುಟ್ಟಾ ದ್ವೀಪವಲ್ಲ. ಜೋಗದ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದಾಗ ಮೊದಲ ಮುಳುಗಡೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಿರೇಭಾಸ್ಕರ ಅಣೆಕಟ್ಟೇ ನೀರಿನಡಿ ಸೇರಿತು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಗದ್ದೆ, ತೋಟ, ದೇವಸ್ಥಾನ, ಹಳೆಯ ರಸ್ತೆಗಳೆಲ್ಲವೂ ಅದರೊಳಗೆ ಹೋದವು. ಸಾವಿರಾರು ಕುಟುಂಬಗಳು ಊರು ಬಿಟ್ಟು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ನೆಲೆ ಹುಡುಕಿಕೊಂಡವು. ಅವರ ಹಕ್ಕುಪತ್ರದ ಹೋರಾಟ ದಶಕಗಳ ನಂತರವೂ ಮುಗಿದಿಲ್ಲ. ಉಳಿದವರಿಗೆ ತಾಲ್ಲೂಕು ಕೇಂದ್ರವಾದ ಸಾಗರ ಒಮ್ಮೆಲೇ ದೂರವಾಯಿತು. ಹಿನ್ನೀರನ್ನು ಸುತ್ತುಹಾಕಿ ರಸ್ತೆಯಲ್ಲಿ ಹೋಗಬೇಕೆಂದರೆ ಎಂಬತ್ತು ಕಿ.ಮೀ. ಆಸುಪಾಸಿನ ಕಾಡುದಾರಿಯೇ ಗತಿಯಾಗಿತ್ತು.

ಆರಂಭದಲ್ಲಿ ದಾಟಿಸುತ್ತಿದ್ದುದು ದೋಣಿಗಳು. ಆಮೇಲೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್‌ಗಳು ಬಂದವು. ಬಸ್ಸು, ಲಾರಿ, ಜೀಪುಗಳನ್ನು ಹೊರಬಲ್ಲ ಚಪ್ಪಟೆ ತಳದ ಲಾಂಚ್‌ಗಳು ಬಂದ ಮೇಲೆ ದ್ವೀಪದ ಅಡಿಕೆ ಸಾಗರದ ಮಂಡಿಗೆ ತಲುಪುವುದು ಸಲೀಸಾಯಿತು. ಲಾಂಚ್ ದಡಕ್ಕೆ ಬಂದು ಕಬ್ಬಿಣದ ಹಲಗೆಯನ್ನು ಕೆಸರಿಗೆ ಇಳಿಸಿದೊಡನೆ ಸಿಬ್ಬಂದಿಯೊಬ್ಬರು ಮುಂದೆ ನಿಂತು ಕೈಸನ್ನೆಯಲ್ಲೇ ವಾಹನಗಳನ್ನು ಒಳಗೆ ಕರೆಯುತ್ತಿದ್ದರು. ಭಾರ ಒಂದೇ ಕಡೆಗೆ ವಾಲದಂತೆ ಬಸ್ಸಿಗೆ ನಡುವಿನ ಜಾಗ, ಕಾರುಗಳಿಗೆ ಅಂಚಿನ ಜಾಗ. ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ನಿಲ್ಲುತ್ತಿದ್ದವೆಂದರೆ ಬಾಗಿಲು ತೆರೆಯಲು ಆಗದು, ಆದ್ದರಿಂದ ಜನ ಮೊದಲೇ ಇಳಿದು ನಡೆದೇ ಹತ್ತಬೇಕಿತ್ತು. ಉಳಿದ ಸಂದಿಗಳಲ್ಲಿ ಬೈಕುಗಳು, ಹಾಲಿನ ಕ್ಯಾನುಗಳು, ಶಾಲೆಯ ಚೀಲ ಹೊತ್ತ ಮಕ್ಕಳು. ಟಿಕೆಟ್ಟಿಗೆ ಕೆಲವೇ ರೂಪಾಯಿ.

ಪ್ರವಾಸಿಗರಾದ ನಮಗೆ ಅದೊಂದು ಮೋಜಿನ ಸವಾರಿಯಾಗಿತ್ತು. ಅಲ್ಲಿಯವರಿಗೆ ಮಾತ್ರ ಅದು ದಿನದ ವೇಳಾಪಟ್ಟಿಯನ್ನೇ ನಿರ್ಧರಿಸುವ ಸಂಗತಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಸಾಗರದಲ್ಲೇ ಉಳಿಯಬೇಕು. ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ಮಾತ್ರ ಲಾಂಚಿನ ಸಮಯ ನೋಡಿ ಬರುವಂಥವಲ್ಲ. ಸಿಗಂದೂರು ಚೌಡೇಶ್ವರಿಯ ಖ್ಯಾತಿ ಹೆಚ್ಚಿದಂತೆ (ಮಲೆನಾಡಿನ ತೋಟದ ಬೇಲಿಗಳಲ್ಲಿ ‘ದೇವಿಯ ಕಾವಲಿದೆ’ ಎಂಬ ಫಲಕಗಳನ್ನು ನೋಡದವರಾರು?) ರಜೆಯ ದಿನಗಳಲ್ಲಿ ಕಾರುಗಳ ಸಾಲು ಮೈಲುಗಟ್ಟಲೆ ಬೆಳೆದು, ಮನೆಗೆ ಹೊರಟ ಊರಿನವರೂ ಅದೇ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವಂತಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ದಡವೇ ಹಿಂದೆ ಸರಿಯುತ್ತಿತ್ತು. ಮೊದಲು ಬಸ್ಸು, ಲಾರಿಗಳಿಗೆ, ನಂತರ ಕಾರುಗಳಿಗೂ ಲಾಂಚ್ ನಿರಾಕರಿಸಲಾಗುತ್ತಿತ್ತು. ಸೇತುವೆಯ ಬೇಡಿಕೆ ಅಷ್ಟು ಗಟ್ಟಿಯಾದದ್ದು ಇದರಿಂದಲೇ. ಲಾಂಚ್ ಹೋಯಿತಲ್ಲ ಎಂದು ಸೇತುವೆಯ ಮೇಲೆ ನಿಂತು ಮರುಗುವುದು ಹೊರಗಿನವರಿಗೆ ಸುಲಭ. ಊರವರ ಎದುರು ಹಾಗೆನ್ನುವ ಮೊದಲು ಸ್ವಲ್ಪ ಯೋಚಿಸಬೇಕು.

ಇನ್ನು ಪ್ರಯಾಣದ ವಿಚಾರ. ಬೆಂಗಳೂರು, ಮೈಸೂರು ಕಡೆಯಿಂದ ಬರುವವರಿಗೆ ತಾಳಗುಪ್ಪ ರೈಲುಗಳು ಅನುಕೂಲ. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಪೇಟೆ ಹತ್ತಿರ, ಅಲ್ಲಿಂದ ಬಸ್ಸು ಅಥವಾ ಬಾಡಿಗೆ ವಾಹನ. ಸಿಗಂದೂರಿನಿಂದ ಮುಂದೆ ಕೊಲ್ಲೂರಿಗೂ ಹೋಗುವ ಯೋಚನೆಯಿದ್ದರೆ ಸಾಗರದಲ್ಲೇ ಇಂಧನ ತುಂಬಿಸಿಕೊಳ್ಳಿ, ಬೆಳಕಿರುವಾಗಲೇ ಘಟ್ಟ ದಾಟಿ. ಮಕರ ಸಂಕ್ರಾಂತಿಯ ಜಾತ್ರೆ, ನವರಾತ್ರಿ ಮತ್ತು ದೀರ್ಘ ವಾರಾಂತ್ಯಗಳಲ್ಲಿ ಜನಸಂದಣಿ ಈಗಲೂ ತಪ್ಪಿದ್ದಲ್ಲ. ಸಾಲು ದಡದಿಂದ ದೇವಸ್ಥಾನದ ಅಂಗಳಕ್ಕೆ ಸ್ಥಳಾಂತರವಾಗಿದೆ ಅಷ್ಟೆ. ಸೇತುವೆಯ ನಡುವೆ ಫೋಟೊಗಾಗಿ ಗಾಡಿ ನಿಲ್ಲಿಸಬೇಡಿ. ಇದು ರಾಷ್ಟ್ರೀಯ ಹೆದ್ದಾರಿ. ನೋಟಕ್ಕೆ ದಡವೇ ಚೆನ್ನ, ಅದರಲ್ಲೂ ಮಳೆಗಾಲ ಮುಗಿದು ಜಲಾಶಯ ತುಂಬಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ.

ಮುಳುಗಡೆಯ ಇತಿಹಾಸವನ್ನು ಕಣ್ಣಾರೆ ಕಾಣಬೇಕೆನ್ನುವವರು ಮಾತ್ರ ಮೇ ತಿಂಗಳನ್ನು ಆರಿಸಿಕೊಳ್ಳಬಹುದು. ನೀರು ತೀರಾ ಇಳಿದ ವರ್ಷಗಳಲ್ಲಿ ಮಡೆನೂರು ಡ್ಯಾಮ್ ಎಂದೇ ಸ್ಥಳೀಯರು ಕರೆಯುವ ಹಿರೇಭಾಸ್ಕರ ಅಣೆಕಟ್ಟು ಹೆಚ್ಚಾದ ನೀರನ್ನು ಹೊರಬಿಡುವ ತನ್ನ ಸೈಫನ್‌ಗಳ ಸಮೇತ ಮೇಲೆ ಕಾಣಿಸಿಕೊಳ್ಳುತ್ತದೆ. ಒಣಗಿದಂತೆ ಕಾಣುವ ನೆಲದಡಿ ಕೆಸರಿರುವುದರಿಂದ ಊರಿನವರ ಜತೆಯಿಲ್ಲದೆ ಇಳಿಯಬಾರದು, ವಾಹನವನ್ನಂತೂ ಇಳಿಸಲೇಬಾರದು. ಲಾಂಚ್ ಸವಾರಿಯೇ ಬೇಕೆನ್ನುವವರು ಹೊಳೆಬಾಗಿಲನ್ನು ನೆಚ್ಚಿಕೊಂಡು ಬರಬೇಡಿ. ಇದೇ ಹಿನ್ನೀರಿನ ಬೇರೆ ದಾಟುದಾರಿಗಳಾದ ಹಸಿರುಮಕ್ಕಿ ಮತ್ತು ಕಾರ್ಗಲ್ ಸಮೀಪದ ಮುಪ್ಪಾನೆಗಳ ಲಾಂಚ್ ಓಡುತ್ತಿದೆಯೇ, ವಾಹನ ಹತ್ತಿಸುತ್ತಾರೆಯೇ, ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಎಂಬುದನ್ನು ಹೊರಡುವ ದಿನದ ಬೆಳಿಗ್ಗೆಯೇ ಸಾಗರದಲ್ಲಿ ವಿಚಾರಿಸಿ. ನೀರಿನ ಮಟ್ಟಕ್ಕೆ ತಕ್ಕಂತೆ ಉತ್ತರವೂ ಬದಲಾಗುತ್ತದೆ.