ರಾಜನ ಪಾತ್ರ ಬೇಡ, ನೀರು ಹೊರುವ ಪಾತ್ರ ಕೊಡಿ

ಹಳೇ ಕೋಟೆಗಳಲ್ಲಿ ವೇಷ ಹಾಕಿ ಇತಿಹಾಸವನ್ನು ಆಡಿ ತೋರಿಸುವಾಗ ಬಂದವರೆಲ್ಲ ಮೊದಲು ಕೇಳುವುದು ಕತ್ತಿ, ಕಿರೀಟ. ಯುದ್ಧದ ದೃಶ್ಯಕ್ಕೆ ಜನ ಜಾಸ್ತಿ. ನನಗೆ ಮಾತ್ರ ನೀರು ಹೊರುವ ಪಾತ್ರವೇ ಇಷ್ಟ. ಒಂದು ಜಾಗ ಹೇಗೆ ನಡೆಯುತ್ತಿತ್ತು ಅನ್ನುವುದು ಅಲ್ಲಿ ದುಡಿದವರ ಪಾತ್ರ ಹಾಕಿದಾಗಲೇ ತಿಳಿಯುತ್ತದೆ.

ತುಂಬಿದ ಕೊಡ ಹೊತ್ತು ಕೊಳದಿಂದ ಬುರುಜಿಗೆ ಹತ್ತಿ ನೋಡಿ. ಮೆಟ್ಟಿಲು ಒಂದು ಎತ್ತರ, ಇನ್ನೊಂದು ಗಿಡ್ಡ. ನೀರು ತುಳುಕಿದರೆ ಕಲ್ಲು ಜಾರುತ್ತದೆ. ಮೇಲೆ ಹೋಗಿ ಏದುಸಿರು ಬಿಡುವಾಗ ಲೆಕ್ಕ ತಾನಾಗಿಯೇ ಶುರುವಾಗುತ್ತದೆ. ಕುಡಿಯಲಷ್ಟೇ ಒಬ್ಬನಿಗೆ ದಿನಕ್ಕೆ 3 ಲೀಟರ್ ಅಂದುಕೊಳ್ಳಿ. 100 ಕಾವಲುಗಾರರಿಗೆ 300 ಲೀಟರ್, ಅಂದರೆ 300 ಕಿಲೋ. 15 ಲೀಟರ್ ಹಿಡಿಯುವ ಕೊಡದಲ್ಲಿ 20 ಸಲ ಹತ್ತಿ ಇಳಿಯಬೇಕು. ಕುದುರೆಗಳ ನೀರು ಇನ್ನೂ ಸೇರಿಲ್ಲ. ಕೋಟೆಯೊಳಗೆ ಅಲ್ಲಲ್ಲಿ ಕೊಳ, ತೊಟ್ಟಿ ಯಾಕೆ ಅಂತ ಆಮೇಲೆ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ.

ಇನ್ನೊಂದು ನನ್ನ ಮೆಚ್ಚಿನದು ಹಗ್ಗದ ಆಟ. ಒಂದೇ ಅಳತೆಯ 12 ಭಾಗ ಬರುವಂತೆ ಗಂಟು ಹಾಕಿದ ಹಗ್ಗವನ್ನು ಮೂವರು ಮಕ್ಕಳ ಕೈಗೆ ಕೊಡುತ್ತೇನೆ. ತ್ರಿಕೋನದ ಮೂರು ಬದಿಗೆ 3, 4, 5 ಭಾಗ ಬರುವ ಹಾಗೆ ಬಿಗಿಯಾಗಿ ಎಳೆದರೆ ನೆಲದ ಮೇಲೆ ಸರಿಯಾದ 90 ಡಿಗ್ರಿ ಮೂಲೆ ಮೂಡುತ್ತದೆ. ಒಬ್ಬರು ಸ್ವಲ್ಪ ಸಡಿಲ ಬಿಟ್ಟರೂ ಮೂಲೆ ಕೆಡುತ್ತದೆ. ಆಗ ಉಳಿದಿಬ್ಬರು ಕೂಗುವುದನ್ನು ಕೇಳಬೇಕು, ಥೇಟ್ ಮೇಸ್ತ್ರಿಗಳೇ!

ಫ್ರಾನ್ಸಿನ ಗೆದೆಲೋನ್‌ನಲ್ಲಿ ಇಂಥದೇ ಹಗ್ಗ ಹಿಡಿದು ಒಂದು ಇಡೀ ಕೋಟೆ ಕಟ್ಟುತ್ತಿದ್ದಾರೆ. 1997ರಲ್ಲಿ ಶುರುವಾದ ಕೆಲಸ. 13ನೇ ಶತಮಾನದ ಸಲಕರಣೆ ಮಾತ್ರ. ಕಲ್ಲು ಅಲ್ಲೇ ಒಡೆಯುತ್ತಾರೆ, ಉಳಿ ಸುತ್ತಿಗೆ ಅಲ್ಲೇ ಕಾಯಿಸಿ ಬಡಿಯುತ್ತಾರೆ. ದೊಡ್ಡ ಮರದ ಚಕ್ರದೊಳಗೆ ಮನುಷ್ಯ ನಡೆದರೆ ನೂರಾರು ಕಿಲೋ ಕಲ್ಲು ಮೇಲೇರುತ್ತದೆ. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತಲ್ಲ, ಅದರ ಹೊಸ ತೊಲೆಗಳನ್ನು ಕೊಡಲಿಯಲ್ಲಿ ಕೆತ್ತಿದವರಲ್ಲಿ ಇಲ್ಲಿ ಕೈ ಪಳಗಿಸಿಕೊಂಡ ಬಡಗಿಗಳೂ ಇದ್ದರು. ಸುಮ್ನೆ ತೋರಿಕೆಗೆ ಮಾಡುವ ಆಟ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇಂಗ್ಲೆಂಡಿನ ಬಟ್ಸರ್‌ನಲ್ಲಿ 1972ರಿಂದ ಕಬ್ಬಿಣ ಯುಗದ ದುಂಡು ಗುಡಿಸಲುಗಳನ್ನು ಕಟ್ಟಿ ನೋಡುತ್ತಿದ್ದಾರೆ. ಹೊಗೆ ಹೋಗಲು ಮೇಲೆ ತೂತು ಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ತೂತಿದ್ದರೆ ಗಾಳಿ ಎಳೆದು ಬೆಂಕಿ ಜೋರಾಗುತ್ತದೆ, ಕಿಡಿ ಹುಲ್ಲಿಗೆ ತಾಗಬಹುದು. ತೂತಿಲ್ಲದಿದ್ದರೆ ಹೊಗೆ ಹುಲ್ಲಿನ ಸಂದಿಯಲ್ಲೇ ಮೆಲ್ಲಗೆ ಹೊರಗೆ ಹೋಗುತ್ತದೆ. ಒಳಗೆ ಒಲೆ ಹಚ್ಚಿ ಕೂತವರಿಗೇ ಇದು ಗೊತ್ತಾಗುವುದು.

ಆದರೆ ನೋವನ್ನು ಆಡಿ ತೋರಿಸುವುದು ಹೇಗೆ? ಅಮೆರಿಕದ ವಿಲಿಯಮ್ಸ್‌ಬರ್ಗ್ ಊರಿನಲ್ಲೂ ಹೀಗೆ ವೇಷ ಹಾಕಿ ಹಳೇ ಬದುಕನ್ನು ಆಡಿ ತೋರಿಸುತ್ತಾರೆ. ಅಲ್ಲಿ 18ನೇ ಶತಮಾನದಲ್ಲಿ ಸುಮಾರು ಅರ್ಧದಷ್ಟು ಜನ ಕಪ್ಪು ಜನಾಂಗದವರು, ಅವರಲ್ಲಿ ಬಹುಪಾಲು ಗುಲಾಮರು. 1994ರಲ್ಲಿ ಅಲ್ಲಿ ಗುಲಾಮರ ಹರಾಜನ್ನು ಆಡಿ ತೋರಿಸಿದರು. ದುಃಖವನ್ನು ತಮಾಷೆ ಮಾಡುತ್ತೀರಿ ಎಂದು ಪ್ರತಿಭಟನೆ ನಡೆಯಿತು. ಅದನ್ನು ರೂಪಿಸಿದ ಕ್ರಿಸ್ಟಿ ಕೋಲ್‌ಮನ್ ಸ್ವತಃ ಕಪ್ಪು ಮಹಿಳೆ. ಹರಾಜಿಗೆ ನಿಂತ ಗರ್ಭಿಣಿಯ ಪಾತ್ರವನ್ನು ತಾವೇ ಹಾಕಿದರು. ನೋಡಿದ ಮೇಲೆ ವಿರೋಧಿಸಿದವರಲ್ಲೊಬ್ಬರು ಅಭಿಪ್ರಾಯ ಬದಲಿಸಿದರು.

ಕೋಲ್‌ಮನ್ ಮಾಡಿದ್ದು ಸರಿ ಅಂತಲೇ ನನ್ನ ನಿಲುವು. ಆದರೆ ಅಂಥ ಪಾತ್ರವನ್ನು ಭೇಟಿಗೆ ಬಂದ ಮಕ್ಕಳ ಮೇಲೆ ಹೊರಿಸಬಾರದು. ಕೊಡ ಹೊರುವ ಮಗುವಿಗೂ ನಾನು ಮೊದಲೇ ಹೇಳಿಬಿಡುತ್ತೇನೆ: ಸಾಕು ಅನ್ನಿಸಿದಾಗ ಇಳಿಸಿಬಿಡು. ಅಂದು ನೀರು ಹೊತ್ತವಳಿಗೆ ಹಾಗೆ ಹೇಳುವವರು ಇದ್ದರಾ ಅಂತ ಆಮೇಲೆ ಕೂತು ಮಾತಾಡೋಣ.