ಒಂದು ಗಂಟೆ ಹಿಂದಿನ ಹೊಳೆ

ಕೆಲಸ ಬಿಡುತ್ತೇನೆ, ಚಿಕ್ಕ ಊರಿಗೆ ಹೋಗುತ್ತೇನೆ ಅಂದಾಗ ಎಲ್ಲರೂ ಮೊದಲು ಕೇಳಿದ್ದು ಒಂದೇ ಮಾತು. ‘ಯಾಕೆ, ಏನಾಯ್ತು?’

ದೊಡ್ಡ ನಗರದಿಂದ ಇನ್ನೂ ದೊಡ್ಡ ನಗರಕ್ಕೆ ಹೊರಟವರನ್ನು ಯಾರೂ ಹಾಗೆ ಕೇಳುವುದಿಲ್ಲ. ಚಿಕ್ಕ ಊರಿಗೆ ಹೊರಟರೆ ಮಾತ್ರ ಹಿಂದೆ ಜಗಳವೋ ಕಾಯಿಲೆಯೋ ಇರಲೇಬೇಕು. ನನಗೆ ಎರಡೂ ಇರಲಿಲ್ಲ. ಬೇಜಾರಿತ್ತು, ಅಷ್ಟೇ.

ನನ್ನದು ಕುಡಿಯುವ ನೀರು ಪರೀಕ್ಷೆ ಮಾಡುವ ಕೆಲಸ. ಹಾಗಂದರೆ ಕೇಳಿದವರಿಗೆ ಹೊಳೆ, ಬಾವಿ, ನಲ್ಲಿ ಎಲ್ಲ ಕಣ್ಣ ಮುಂದೆ ಬರುತ್ತದೆ. ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಮಷೀನು. ಆರು ವರ್ಷ ಅದರ ಎದುರು ಕೂತು ನೀರಿನಲ್ಲಿರುವ ಲೋಹ ಅಳೆದೆ. ಸೀಸ, ಆರ್ಸೆನಿಕ್, ಮತ್ತೆ ಸೀಸ. ಇವೆರಡಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಾಟಲಿಗಳು ನೈಟ್ರಿಕ್ ಆಸಿಡ್ ಹಾಕಿಸಿಕೊಂಡು, ಬಾರ್‌ಕೋಡ್ ಅಂಟಿಸಿಕೊಂಡು ಬರುತ್ತಿದ್ದವು. ಯಾರ ಮನೆಯ ನೀರೋ ಗೊತ್ತಿಲ್ಲ. ಬ್ಯಾಕ್ಟೀರಿಯಾ ನೋಡುವವರು ಮೇಲಿನ ಮಹಡಿಯಲ್ಲಿದ್ದರು, ಲಿಫ್ಟ್‌ನಲ್ಲಿ ಸಿಕ್ಕಾಗ ನಗುತ್ತಿದ್ದೆವು. ಇಡೀ ಊರಿನ ನೀರು ನನ್ನ ಕೈಯಲ್ಲಿ ಹಾದುಹೋಗುತ್ತಿತ್ತು. ಆ ನೀರು ಬರುವ ಹೊಳೆಯನ್ನು ಮಾತ್ರ ಆರು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಹೊಸ ಊರಿನ ಲ್ಯಾಬಿನಲ್ಲಿ ನಾವು ಮೂವರು. ಮಹಡಿ ಒಂದೇ. ಲಿಫ್ಟ್ ಇಲ್ಲ. ಕಿಟಕಿ ತೆರೆದರೆ ಹೊಳೆ.

ಹೊರಡುವಾಗ ನನಗಿದ್ದ ಭಯ ಕುಗ್ಗಿಹೋಗುವ ಭಯ. ಚಿಕ್ಕ ಊರು, ಚಿಕ್ಕ ಕೆಲಸ, ಕೊನೆಗೆ ನಾನೂ ಚಿಕ್ಕವನಾಗಿ ಬಿಡುತ್ತೇನೆ ಎಂದು. ಮೊದಲ ವಾರದಲ್ಲೇ ಅದು ತಲೆಕೆಳಗಾಯಿತು. ಸೋಮವಾರ ಬ್ಯಾಕ್ಟೀರಿಯಾ, ಮಂಗಳವಾರ ಕ್ಲೋರಿನ್ ಸಿಲಿಂಡರಿನ ಲೆಕ್ಕ, ಬುಧವಾರ ಪಂಪಿನ ಗದ್ದಲ ಯಾಕೆ ಬದಲಾಗಿದೆ ಎಂದು ಕಿವಿಗೊಟ್ಟು ಕೇಳುವುದು. ಪಂಪಿಗೂ ನನಗೂ ಏನು ಸಂಬಂಧ ಅಂತ ಕೇಳುವ ಹಾಗಿಲ್ಲ. ಬೇರೆ ಯಾರೂ ಇಲ್ಲ.

1776ರಲ್ಲೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಇದನ್ನು ಬರೆದಿಟ್ಟಿದ್ದಾನೆ. ಸಂತೆ ಎಷ್ಟು ದೊಡ್ಡದೋ ಅಷ್ಟು ಮಾತ್ರ ಕೆಲಸ ಹಂಚಿಕೊಳ್ಳಲು ಸಾಧ್ಯ ಎನ್ನುವುದು ಅವನ ವಾದ. ಅದಕ್ಕೇ ಹಳ್ಳಿಯ ಬಡಗಿ ಮರದ ಕೆಲಸ ಅಂತ ಏನಿದ್ದರೂ ಎಲ್ಲವನ್ನೂ ತಾನೇ ಮಾಡಬೇಕು, ನೇಗಿಲಾದರೂ ಸರಿ, ಗಾಡಿಯ ಗಾಲಿಯಾದರೂ ಸರಿ. ಕಾಲೇಜಿನಲ್ಲಿ ಇದನ್ನು ಓದಿದಾಗ ಆ ಬಡಗಿಯನ್ನು ಕಂಡು ಅಯ್ಯೋ ಪಾಪ ಅನಿಸಿತ್ತು. ಈಗ ನಾನೇ ಆ ಬಡಗಿ.

ನನ್ನ ನಡಿಗೆಯದ್ದು ಬೇರೆಯೇ ಕಥೆ. ಬಂದ ಹೊಸದರಲ್ಲಿ ಫುಟ್‌ಪಾತಿನಲ್ಲಿ ಒಬ್ಬರ ಬೆನ್ನಿಗೆ ಡಿಕ್ಕಿ ಹೊಡೆದೆ. ಅವರು ತಿರುಗಿ, ಸಿಟ್ಟಿಲ್ಲದೆ, ‘ಏನಾದರೂ ಅರ್ಜೆಂಟಾ?’ ಅಂದರು. ಏನೂ ಅರ್ಜೆಂಟ್ ಇರಲಿಲ್ಲ. ಕಾಲಿಗೆ ಅಭ್ಯಾಸ ಹೋಗಿರಲಿಲ್ಲ, ಅಷ್ಟೇ. ಆಮೇಲೆ ಓದಿದೆ, 1976ರಲ್ಲಿ ಬೋರ್ನ್‌ಸ್ಟೈನ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆ ದೇಶಗಳ 15 ಊರುಗಳಲ್ಲಿ ನಿಂತು ದಾರಿಹೋಕರ ವೇಗ ಅಳೆದಿದ್ದರಂತೆ. ಜನ ಜಾಸ್ತಿ ಇರುವ ಊರಲ್ಲಿ ನಡಿಗೆಯೂ ಜೋರು. ಸುಮ್ನೆ ನಿಂತು ಸ್ಟಾಪ್‌ವಾಚ್ ಒತ್ತುವ ಕೆಲಸವನ್ನೂ ವಿಜ್ಞಾನ ಅನ್ನಬಹುದು ಎಂದು ಖುಷಿಯಾಯಿತು. ನನ್ನ ನಡಿಗೆ ಇಳಿಯಲು ಸುಮಾರು ಮೂರು ತಿಂಗಳು ಬೇಕಾಯಿತು.

ಸಂಬಳವೂ ಇಳಿಯಿತು. ಆ ವಿಷಯ ಜಾಸ್ತಿ ಮಾತಾಡಲು ಇಷ್ಟವಿಲ್ಲ.

ಹೇಳಬೇಕಾದದ್ದು ಮೊದಲ ಮಳೆಗಾಲದ ಕಥೆ. ಮಳೆ ಬಿದ್ದರೆ ಹೊಳೆ ಬಗ್ಗಡವಾಗುತ್ತದೆ. ಆ ಮಣ್ಣಿನ ಕಣಗಳು ತಾವಾಗಿ ತಳಕ್ಕೆ ಕೂರುವಷ್ಟು ದಪ್ಪ ಇರುವುದಿಲ್ಲ. ಜೊತೆಗೆ ಒಂದನ್ನೊಂದು ದೂರ ತಳ್ಳುತ್ತಲೂ ಇರುತ್ತವೆ. ಆಲಂ, ಅಂದರೆ ಪಟಿಕ, ಹಾಕಿದರೆ ಒಂದಕ್ಕೊಂದು ಅಂಟಿ, ಹಿಂಜಿದ ಹತ್ತಿಯ ಹಾಗೆ ಗಡ್ಡೆ ಕಟ್ಟಿ, ಕೆಳಗೆ ಇಳಿಯುತ್ತವೆ. ಎಷ್ಟು ಆಲಂ ಎಂದು ತಿಳಿಯಲು ಜಾರ್ ಟೆಸ್ಟ್ ಮಾಡುತ್ತೇವೆ. ಆರು ಗಾಜಿನ ಜಾರಿನಲ್ಲಿ ಹೊಳೆ ನೀರು, ಒಂದೊಂದಕ್ಕೂ ಒಂದೊಂದು ಪ್ರಮಾಣ. ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ 20 ನಿಮಿಷ ನಿಧಾನವಾಗಿ, ಆಮೇಲೆ ಅರ್ಧ ಗಂಟೆ ಮುಟ್ಟದೆ ಬಿಡಬೇಕು. ಯಾವ ಜಾರು ತಿಳಿಯಾಯಿತೋ ಅದರ ಲೆಕ್ಕ ಇಡೀ ಊರಿಗೆ.

ನಾನು ಇದನ್ನು ಕಾಲೇಜಿನಲ್ಲಿ ಎರಡು ಸಲ ಮಾಡಿದ್ದೆ, ಮಾರ್ಕ್ಸಿಗೆ. ಆ ಮಳೆಗಾಲದ ಒಂದು ರಾತ್ರಿ ಮಾಡಿದ್ದು ಊರಿಗೆ. ಕೈ ನಡುಗುತ್ತಿತ್ತು. ಆದರೂ ಚೊಕ್ಕವಾಗಿ ಮಾಡಿದೆ, ನಾಲ್ಕನೇ ಜಾರು ಕನ್ನಡಿಯಂತೆ ಹೊಳೆಯಿತು. ಆ ಲೆಕ್ಕ ತೆಗೆದುಕೊಂಡು ನೀರು ಶುದ್ಧ ಮಾಡುವ ಪ್ಲಾಂಟಿಗೆ ಹೋದರೆ, ಅಲ್ಲಿನ ಹಳೆಯ ಆಪರೇಟರ್ ಚೀಟಿ ನೋಡಿ, ಕಿಟಕಿಯಿಂದಾಚೆ ಟಾರ್ಚ್ ಬಿಟ್ಟು, ‘ಇದು ಸಾಲಲ್ಲ’ ಅಂದರು. ದೊಡ್ಡ ಲ್ಯಾಬಿನಿಂದ ಬಂದವನು ನಾನು. ಚೀಟಿಯಲ್ಲಿದ್ದಷ್ಟೇ ಹಾಕಿ ಅಂದೆ. ಹಾಕಿದರು.

ಬೆಳಗಾಗುವಷ್ಟರಲ್ಲಿ ಫಿಲ್ಟರುಗಳು ಕಟ್ಟಿಕೊಂಡವು. ಎರಡು ಸಲ ಉಲ್ಟಾ ನೀರು ಹಾಯಿಸಿ ತೊಳೆದೆವು. ಸರಬರಾಜು ಮೂರು ಗಂಟೆ ತಡವಾಯಿತು. ನನ್ನ ಟೆಸ್ಟಿನಲ್ಲಿ ತಪ್ಪು ಎಲ್ಲಿ ಎಂದು ನೋಟ್‌ಬುಕ್ ತಿರುವುತ್ತಾ ಕೂತಿದ್ದಾಗ ಅವರೇ ಬಂದು ಹೇಳಿದರು, ‘ಟೆಸ್ಟ್ ಸರಿ ಇದೆ. ನಿಮ್ಮ ಜಾರಲ್ಲಿ ಇದ್ದಿದ್ದು ಒಂದು ಗಂಟೆ ಹಿಂದಿನ ಹೊಳೆ.’

ನಾನು ಕಲಕಿ, ಕಾದು, ನೋಡಿ ಬರುವಷ್ಟರಲ್ಲಿ ಮೇಲಿನ ಗುಡ್ಡದ ಮಣ್ಣು ಇಳಿದು ಬಂದಿತ್ತು. ಅವರು ನೋಡಿದ್ದು ಆಗಿನ ಹೊಳೆಯನ್ನು. ಹಳೆಯ ಕೆಲಸದಲ್ಲಿ ಬಾಟಲಿ ನನ್ನ ಮೇಜಿಗೆ ಬರಲು ಎಷ್ಟೋ ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ಅಲ್ಲಿ ನೀರು ಏನಾಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆ ದಿನ ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನವರು, ‘ಇವತ್ತು ಬೆಳಿಗ್ಗೆ ನೀರು ಯಾಕೆ ಬರಲಿಲ್ಲ?’ ಎಂದು ಕೇಳಿದರು. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಇಲ್ಲಿ ಹಾಗೇ, ಎಲ್ಲರಿಗೂ ಗೊತ್ತಿರುತ್ತದೆ. ಮಳೆಯಿಂದ ಅಂದೆ. ಪೂರ್ತಿ ಸುಳ್ಳೇನಲ್ಲ, ಅಲ್ವಾ? ಆದರೂ ಇಳಿಯುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತೆ.

ಈಗ ವಾರಕ್ಕೊಮ್ಮೆ ಪೈಪಿನ ಕೊನೆಯ ಮನೆಗೂ ಹೋಗುತ್ತೇನೆ. ಊರು ಚಿಕ್ಕದು, ಮನೆಗಳು ದೂರ ದೂರ. ತಲೆಗಿಷ್ಟು ಎಂದು ಲೆಕ್ಕ ಹಾಕಿದರೆ ಪೈಪೇ ಜಾಸ್ತಿ. ಉದ್ದ ಪೈಪಿನಲ್ಲಿ ನೀರು ಹೊತ್ತುಗಟ್ಟಲೆ ನಿಲ್ಲುತ್ತದೆ, ನಿಂತಷ್ಟೂ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆಯ ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಣ್ಣ ಎಷ್ಟು ಗಾಢವೋ ಅಷ್ಟು ಕ್ಲೋರಿನ್. ಆ ಮನೆಯ ಅಜ್ಜಿ ಪ್ರತಿ ಸಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ಬಣ್ಣ ತೆಳುವಾದರೆ ನನಗಿಂತ ಮೊದಲು ಅವರೇ, ‘ಈ ಸಲ ಪೇಲವ’ ಅನ್ನುತ್ತಾರೆ. ನನ್ನ ಹಳೆಯ ಮಷೀನಿಗೆ ಈ ಬಾಯಿ ಇರಲಿಲ್ಲ.

ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಭಾನುವಾರಗಳು ತುಂಬಾ ಉದ್ದ. ನನ್ನ ವಿಷಯ ಗೊತ್ತಿರುವವರ ಜೊತೆ ಗಂಟೆಗಟ್ಟಲೆ ಹರಟೆ ಹೊಡೆಯುವುದು ತಪ್ಪಿಹೋಗಿದೆ. ಯಾರಿಗೂ ಗೊತ್ತಾಗದೆ ಒಂದು ದಿನ ಕಳೆಯುವುದಂತೂ ಇಲ್ಲಿ ಆಗದ ಮಾತು. ದೊಡ್ಡ ನಗರದಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು. ಒಮ್ಮೊಮ್ಮೆ ಆ ಮಷೀನಿನ ಸದ್ದೂ ನೆನಪಾಗುತ್ತದೆ.

ಕಳೆದ ವಾರ ಹಳೆಯ ಸಹೋದ್ಯೋಗಿ ಫೋನ್ ಮಾಡಿದ್ದರು. ನನ್ನ ಜಾಗ ಮತ್ತೆ ಖಾಲಿಯಾಗಿದೆಯಂತೆ, ಮನಸ್ಸಿದ್ದರೆ ಮಾತಾಡುತ್ತೇನೆ ಅಂದರು. ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ತಗಡಿನ ಮೇಲೆ ಹನಿಯ ಸದ್ದು ಶುರುವಾಯಿತು. ಆಮೇಲೆ ಮಾಡ್ತೀನಿ ಎಂದು ಫೋನಿಟ್ಟು, ಕೊಡೆಯನ್ನೂ ಟಾರ್ಚನ್ನೂ ತೆಗೆದುಕೊಂಡು ಹೊಳೆ ಕಡೆ ಹೊರಟೆ.