ಒಕವಾಂಗೊದ ಟೆಂಟಿನಲ್ಲಿ ಜಿಪ್ಪು, ಬಕೆಟ್ಟು, ಬೂಟು

ಬೋಟ್ಸ್ವಾನಾದಲ್ಲಿ ಒಕವಾಂಗೊ ನದಿ ಕವಲೊಡೆದು ಹರಡುವ ಡೆಲ್ಟಾದಲ್ಲಿ, ಕಾಡುಪ್ರಾಣಿ ನೋಡಲೆಂದು ಟೆಂಟ್ ಕ್ಯಾಂಪ್ ಹಿಡಿದವರು ಮೊದಲು ಎಡವುವುದು ಬ್ಯಾಗಿನಲ್ಲಿ. ಮಾವುನ್ ಪಟ್ಟಣದಿಂದ ಒಳಗೆ ಒಯ್ಯುವುದು ಸೆಸ್ನಾದಂಥ ಪುಟ್ಟ ವಿಮಾನ. ಸಾಮಾನಿಗೆ ಸಾಮಾನ್ಯವಾಗಿ ತಲೆಗೆ 20 ಕಿಲೋ ಮಿತಿ, ಕ್ಯಾಮೆರಾ, ಕೈಚೀಲ ಎಲ್ಲ ಸೇರಿ. ವಿಮಾನದ ಹೊಟ್ಟೆಯಡಿಯ ಗೂಡಿಗೆ ಚೀಲವನ್ನು ಮಡಚಿ ತುರುಕಬೇಕು. ಚಕ್ರ, ಗಟ್ಟಿ ಚೌಕಟ್ಟಿನ ಸೂಟ್‌ಕೇಸು ಅಲ್ಲಿ ಕೂರುವುದಿಲ್ಲ. ಮೆತ್ತನೆಯ ಬಟ್ಟೆ ಚೀಲವೇ ಸರಿ.

ಅಂಗೋಲಾದ ಎತ್ತರದ ನಾಡಿನಲ್ಲಿ ಸುರಿದ ಮಳೆ ಇಲ್ಲಿಗೆ ಹರಿದು ಬರಲು ತಿಂಗಳುಗಳೇ ಬೇಕು. ಹಾಗಾಗಿ ಸ್ಥಳೀಯವಾಗಿ ಹನಿ ಮಳೆಯಿಲ್ಲದ ಜೂನ್-ಆಗಸ್ಟ್‌ನಲ್ಲೇ ಡೆಲ್ಟಾ ತುಂಬಿರುತ್ತದೆ. ಅದೇ ಅಲ್ಲಿಯ ಚಳಿಗಾಲ. ಆಫ್ರಿಕಾ ಅಂದರೆ ಸೆಕೆ ಎಂದು ಬರೀ ಹತ್ತಿ ಅಂಗಿ ತಂದವರು ಬೆಳಗಿನ ತೆರೆದ ಜೀಪಿನಲ್ಲಿ ನಡುಗುತ್ತಾರೆ. ಆಗ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಟೋಪಿ, ಕೈಗವಸು ಬೇಕೇ ಬೇಕು.

ಸ್ನಾನಕ್ಕೆ ಎಷ್ಟೋ ಕಡೆ ಬಕೆಟ್ ಶವರು. ಸೌದೆ ಬೆಂಕಿಯಲ್ಲಿ ಕಾಯಿಸಿದ ಸುಮಾರು 20 ಲೀಟರ್ ನೀರನ್ನು ಬಕೆಟ್ಟಿಗೆ ತುಂಬಿ, ಹಗ್ಗ-ರಾಟೆಯಿಂದ ಮೇಲೆಳೆಯುತ್ತಾರೆ. ತಳದಲ್ಲೊಂದು ನಲ್ಲಿ, ಅದಕ್ಕೆ ನೀರು ಚಿಮುಕಿಸುವ ಜಾಲರಿ. ಮೈ ಒದ್ದೆಯಾದ ಕೂಡಲೇ ನಲ್ಲಿ ಮುಚ್ಚಿ, ಸೋಪು ಹಚ್ಚಿ, ಆಮೇಲೆ ತೆರೆಯಿರಿ. ತೆರೆದೇ ಬಿಟ್ಟರೆ ತಲೆಯ ನೊರೆ ಹೋಗುವ ಮುಂಚೆ ನೀರು ಖಾಲಿ. ಸ್ನಾನದ ಹೊತ್ತು ಮೊದಲೇ ಹೇಳಿ, ಹೇಳಿದ ಹೊತ್ತಿಗೇ ಹೋಗಿ. ಮೇಲೇರಿದ ನೀರು ನಿಮಗಾಗಿ ಬಿಸಿಯಾಗಿ ಕಾಯುವುದಿಲ್ಲ.

ಟೆಂಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಜಿಪ್ಪು. ಮುಚ್ಚಿದ ಟೆಂಟು ಪ್ರಾಣಿಗಳ ಕಣ್ಣಿಗೆ ಒಂದು ಗಟ್ಟಿ ದಿಮ್ಮಿಯಿದ್ದಂತೆ, ಅದರ ಗೊಡವೆಗೆ ಅವು ಹೋಗುವುದು ಅಪರೂಪ. ತೆರೆದ ಬಾಗಿಲು ಮಾತ್ರ ಆಹ್ವಾನ. ಸೆಕೆಗೆ ಗಾಳಿ ಬೇಕಾದರೆ ಸೊಳ್ಳೆಪರದೆಯ ಜಾಲರಿಯನ್ನು ಪೂರ್ತಿ ಮುಚ್ಚಿ, ಕಿಟಕಿಯ ಹೊರಬಟ್ಟೆಯನ್ನಷ್ಟೇ ಎತ್ತಿಕಟ್ಟಿ. ಇಲ್ಲಿಯ ನುಣ್ಣನೆ ಮರಳು ಜಿಪ್ಪಿನ ಹಲ್ಲುಗಳೊಳಗೆ ಸೇರಿ ಕೊಂಡಿಯನ್ನು ಸವೆಸುತ್ತದೆ. ಸವೆದ ಕೊಂಡಿ ಮುಂದೆ ಸಾಗುತ್ತದೆ, ಹಿಂದೆ ಹಲ್ಲು ಬಿಟ್ಟುಕೊಳ್ಳುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡಿ. ಹಳೇ ಟೂತ್‌ಬ್ರಶ್ಶಿನಿಂದ ಮರಳು ಉದುರಿಸಿ, ಮೇಣದಬತ್ತಿ ತೀಡಿ, ಒಂದು ಕೈಯಲ್ಲಿ ಬಟ್ಟೆ ಬಿಗಿಹಿಡಿದು ಇನ್ನೊಂದರಿಂದ ಮೆಲ್ಲಗೆ ಎಳೆಯಿರಿ. ಎಣ್ಣೆ ಹಾಕಿದರೆ ಮರಳು ಇನ್ನಷ್ಟು ಅಂಟುತ್ತದೆ.

ಒಳಗೆ ತಿಂಡಿ ಇಡಲೇಬೇಡಿ. ಬಿಸ್ಕತ್ತಿನ ಪೊಟ್ಟಣವಿದ್ದರೆ ಹಗಲಲ್ಲಿ ಕೋತಿಗಳು ಜಿಪ್ಪನ್ನು ನಿಮಗಿಂತ ಚುರುಕಾಗಿ ತೆರೆಯುತ್ತವೆ. ಕಿತ್ತಳೆ, ನಿಂಬೆಯ ವಾಸನೆಗೆ ಆನೆಯೇ ಬರುತ್ತದೆ. ಜಿಂಬಾಬ್ವೆಯ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಅಂಥ ಹಣ್ಣು ತರುವುದೇ ನಿಷಿದ್ಧ.

ಕತ್ತಲಾದ ಮೇಲೆ ಊಟದ ಜಾಗಕ್ಕೆ 50 ಹೆಜ್ಜೆಯಿದ್ದರೂ ಕಾವಲಿನವರು ಬರುವ ತನಕ ಕಾಯಿರಿ. ನೀರಾನೆ ರಾತ್ರಿಯೇ ದಡಕ್ಕೆ ಬಂದು ಹುಲ್ಲು ಮೇಯುವುದು. ಅದಕ್ಕೂ ನೀರಿಗೂ ನಡುವೆ ನೀವು ಸಿಕ್ಕರೆ ಅಪಾಯ. ಸೀಟಿ, ಏರ್ ಹಾರ್ನ್ ಕೊಟ್ಟಿರುವುದು ಕಾಯಿಲೆ, ಬೆಂಕಿಯಂಥ ನಿಜವಾದ ತುರ್ತಿಗೆ. ಸಿಂಹ ಘರ್ಜಿಸಿತೆಂದು ಊದಿದರೆ ಕಾವಲಿನವರು ಸುಮ್ಮನೆ ಕತ್ತಲಲ್ಲಿ ಓಡಿ ಬರಬೇಕಾಗುತ್ತದೆ.

ಸೌರಶಕ್ತಿಯ ಬ್ಯಾಟರಿಗೆ ಹೇರ್ ಡ್ರೈಯರ್ ಎಳೆಯುವ ಶಕ್ತಿಯಿಲ್ಲ, ಮನೆಯಲ್ಲೇ ಬಿಡಿ. ಮಲಗುವ ಮುನ್ನ ಬೂಟುಗಳನ್ನು ಒಳಗೆಳೆದುಕೊಳ್ಳಿ, ಹೊರಗಿಟ್ಟ ಚರ್ಮ ಕತ್ತೆಕಿರುಬಕ್ಕೆ ಅಗಿಯುವ ಸಾಮಾನು. ಬೆಳಿಗ್ಗೆ ಹಾಕುವ ಮುಂಚೆ ತಲೆಕೆಳಗೆ ಮಾಡಿ ಎರಡು ಸಲ ಕೊಡವಿ, ಚೇಳಿದ್ದರೆ ಉದುರುತ್ತದೆ.